ಕಪ್‌ಗಳ ಫೋಟೋ ಪಕ್ಕಕ್ಕಿಡಿ, ವೇಳಾಪಟ್ಟಿ ಕೇಳಿ

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಎಂಟನೆಯ ತರಗತಿ ಮುಗಿಸುತ್ತಿರುವ ಮಗಳು ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಅರ್ಧ ದಿನ ಪಾಠ, ಅರ್ಧ ದಿನ ನೃತ್ಯ, ಸಂಗೀತ, ನಾಟಕ ಇರುವ ಪ್ರೌಢಶಾಲೆಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಶಾಲೆಯವರು ಕೊಟ್ಟ ವಾರ್ಷಿಕ ವರದಿಯಲ್ಲಿ ಪುಟಪುಟಕ್ಕೂ ಕಪ್ ಹಿಡಿದ ಮಕ್ಕಳ ಫೋಟೋಗಳಿವೆ. ‘ಭೀಮಸೇನ ಜೋಶಿಯವರನ್ನು ಯಾರಾದರೂ ಗಣಿತದ ಅಂಕ ಕೇಳಿದರೇ?’ ಎನ್ನುತ್ತಾರೆ ನಮ್ಮ ಮನೆಯವರು. ನನಗೆ ಹತ್ತನೆಯ ತರಗತಿಯ ಚಿಂತೆ. ಅಲ್ಲಿ ಒಂದು ವರ್ಷ ನಿಜವಾಗಿ ಹೇಗೆ ಕಳೆಯುತ್ತದೆ?
– ಒಬ್ಬ ತಾಯಿ, ಪುಣೆ

ಉತ್ತರ: ತಂಗಿ, ಇಂತಹದೇ ಒಂದು ಶಾಲೆಯಲ್ಲಿ ನಿವೃತ್ತಿಯವರೆಗೂ ನೃತ್ಯ ಕಲಿಸಿದವಳು ನಾನು. ಆ ವರದಿಯನ್ನು ಪಕ್ಕಕ್ಕಿಟ್ಟು ಶಾಲೆಗೆ ಹೋಗಿ ಒಂದು ಮಾತು ಕೇಳಿ: ವರ್ಷದಲ್ಲಿ ಎಷ್ಟು ದಿನ ಅಭ್ಯಾಸ, ಎಷ್ಟು ದಿನ ಕಾರ್ಯಕ್ರಮ?

ಜೂನ್‌ನಲ್ಲಿ ಎಲ್ಲರಿಗೂ ಭರತನಾಟ್ಯದ ಮೊಟ್ಟಮೊದಲ ಹೆಜ್ಜೆಯಾದ ತಟ್ಟಡವಿನಿಂದಲೇ ಪಾಠ ಶುರುವಾಗುತ್ತದೆ. ಹೊರಗೆ ವರ್ಣ ಎಂಬ ದೊಡ್ಡ, ಕಷ್ಟದ ನೃತ್ಯದವರೆಗೆ ಕಲಿತು ಬಂದ ಹುಡುಗಿಯರು ಅವಮಾನವಾಯಿತೆಂದು ಅಳುತ್ತಾರೆ. ಅಷ್ಟರಲ್ಲಿ ಗಣೇಶೋತ್ಸವ ಬರುತ್ತದೆ. ಮಂಡಳದವರು, ಸೊಸೈಟಿಯವರು, ಪರಿಚಯದ ಅಧಿಕಾರಿಗಳು, ಎಲ್ಲರದೂ ಒಂದೇ ಬೇಡಿಕೆ: ‘ಹತ್ತೇ ನಿಮಿಷದ ನೃತ್ಯ ಸಾಕು, ಟೀಚರ್.’ ಆ ಹತ್ತು ನಿಮಿಷಕ್ಕೆ ಹಿಂದಿನ ದಿನ ತಾಲೀಮು, ಆ ದಿನ ಮೇಕಪ್ಪು ಮತ್ತು ಕಾಯುವಿಕೆ, ಮರುದಿನ ತರಗತಿಯಲ್ಲಿ ತೂಕಡಿಕೆ. ಹೀಗೆ ತಿಂಗಳುಗಳೇ ಕರಗುತ್ತವೆ.

ಒಂದು ವರ್ಷ ನಮ್ಮ ಮುಖ್ಯೋಪಾಧ್ಯಾಯಿನಿ ಅಕ್ಟೋಬರ್‌ನ ಮೊದಲ ಸತ್ರದ ಪರೀಕ್ಷೆ ಮುಗಿಯುವವರೆಗೆ ಹೊರಗಿನ ಕಾರ್ಯಕ್ರಮವೇ ಬೇಡ ಎಂದುಬಿಟ್ಟರು. ಆಡಳಿತ ಮಂಡಳಿ ಮುನಿಸಿಕೊಂಡಿತು. ‘ನಮ್ಮ ಮಕ್ಕಳು ವೇದಿಕೆ ಏರುವುದು ಯಾವಾಗ?’ ಎಂದು ಪಾಲಕರು ಜಗಳಕ್ಕೇ ಬಂದರು. ಆದರೆ ಡಿಸೆಂಬರ್‌ನ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಂಬತ್ತನೆಯ ತರಗತಿಯ ಅಷ್ಟೂ ಮಕ್ಕಳು ಅಲರಿಪು ಎಂಬ ಆರಂಭದ ನೃತ್ಯದಲ್ಲಿ ಅರೆಮಂಡಿಯನ್ನು, ಅಂದರೆ ಮೊಣಕಾಲು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಭಂಗಿಯನ್ನು, ಒಂದಿಷ್ಟೂ ಸಡಿಲಿಸಲಿಲ್ಲ. ನೃತ್ಯ ಬಲ್ಲವರಿಗೆ ಇದರ ಬೆಲೆ ಗೊತ್ತು. ಆ ವರ್ಷದ ವರದಿಯಲ್ಲಿ ಫೋಟೋಗಳು ಕಡಿಮೆಯಿದ್ದವು. ನಾನು ಕಂಡ ಅತ್ಯುತ್ತಮ ವರ್ಷ ಅದು.

ಇನ್ನೊಂದು, ನೃತ್ಯದ ಕೋಣೆಯ ನೆಲ ನೋಡಿ. ಕಾಂಕ್ರೀಟ್ ಮೇಲೆ ಟೈಲ್ಸ್ ಹಾಸಿದ ನೆಲದಲ್ಲಿ ದಿನವೂ ಗಂಟೆಗಟ್ಟಲೆ ಬರಿಗಾಲಿನಿಂದ ತಟ್ಟಿದರೆ ಬೆಳೆಯುವ ವಯಸ್ಸಿನ ಮಕ್ಕಳಿಗೆ ಮೊಣಕಾಲು ನೋವು, ಕಾಲಿನ ಮುಂಭಾಗದ ಎಲುಬಿನ ನೋವು ಬರುವ ಸಾಧ್ಯತೆ ಹೆಚ್ಚು. ಅಡಿಯಲ್ಲಿ ಟೊಳ್ಳು ಬಿಟ್ಟು ಹಾಸಿದ ಮರದ ನೆಲ ಪೆಟ್ಟನ್ನು ತಾನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಮರದ ನೆಲಕ್ಕಾಗಿ ದುಡ್ಡು ಕೂಡಿಸುವುದೇ ಆ ವರ್ಷದ ದೊಡ್ಡ ಹೋರಾಟವಾಗಿತ್ತು. ಮುನಿಸಿಕೊಂಡಿದ್ದ ಪಾಲಕರೇ ಕೊನೆಗೆ ಕೈಜೋಡಿಸಿದರು. ಕಾಲು ನೋವೆಂದ ಮಗುವನ್ನು ಏನು ಮಾಡುತ್ತೀರಿ ಎಂದೂ ಕೇಳಿ. ಮನೆಗೆ ಕಳುಹಿಸುತ್ತೇವೆ ಎಂದರೆ ನನಗೆ ಸಮಾಧಾನವಿಲ್ಲ. ಕೂರಿಸಿ ನೃತ್ಯಕ್ಕೆ ಲಯ ಕೊಡುವ ನಟ್ಟುವಾಂಗದ ತಾಳ ಹಿಡಿಸುತ್ತೇವೆ, ಪದದ ಸಾಹಿತ್ಯ ಕಲಿಸುತ್ತೇವೆ ಎಂದರೆ ಅವರು ಗುರುಗಳು.

ಇನ್ನು ಭೀಮಸೇನ ಜೋಶಿಯವರ ವಿಷಯ. ಹುಡುಗನಾಗಿದ್ದಾಗಲೇ ಗುರುವನ್ನು ಹುಡುಕಿ ಅವರು ಮನೆ ಬಿಟ್ಟದ್ದು ನಿಜ. ಆದರೆ 1936ರಲ್ಲಿ ಕುಂದಗೋಳಕ್ಕೆ ಹೋಗಿ ಗಾಯಕ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಸಾಧನೆ ಮಾಡಿದರು. ಸಾರ್ವಜನಿಕವಾಗಿ ಹಾಡಿದ್ದು 1941ರಲ್ಲಿ. ನಿಮ್ಮ ಮನೆಯವರು ಆ ನಡುವಿನ ವರ್ಷಗಳನ್ನೂ ನೆನೆಯಲಿ. ಅಲ್ಲದೆ ಇಂದು ಮಗಳು ನೃತ್ಯದಲ್ಲೇ ಪದವಿ ಪಡೆಯಬೇಕೆಂದರೆ, ಅದು ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರವಿರಲಿ, ಮುಂಬಯಿಯ ನಾಲಂದಾ ನೃತ್ಯ ಕಲಾ ಮಹಾವಿದ್ಯಾಲಯವಿರಲಿ, ಹನ್ನೆರಡನೆಯ ತರಗತಿ ಪಾಸಾಗಿರಲೇಬೇಕು. ಗಣಿತದ ಪಿರಿಯಡ್ ಬೆಳಿಗ್ಗೆಯೋ, ನೃತ್ಯ ಮಾಡಿ ದಣಿದ ಮೇಲೋ, ವೇಳಾಪಟ್ಟಿಯಲ್ಲಿ ನೋಡಿ. ಹತ್ತನೆಯವರಿಗೆ ದೀಪಾವಳಿಯ ನಂತರ ನೃತ್ಯದ ಅವಧಿ ಇಳಿಸುತ್ತಾರೆಯೇ, ವಿಚಾರಿಸಿ.

ಗಾಂಧರ್ವ ಮಹಾವಿದ್ಯಾಲಯ ಮಂಡಳ ನಡೆಸುವ ನೃತ್ಯದ ಪರೀಕ್ಷೆಗಳನ್ನು ಒಂಬತ್ತನೆಯ ತರಗತಿಯೊಳಗೇ ಆದಷ್ಟು ಮುಗಿಸಲಿ. ಅವುಗಳಿಗೆ ಮಹಾರಾಷ್ಟ್ರ ಬೋರ್ಡ್ ಹತ್ತನೆಯಲ್ಲಿ ಹೆಚ್ಚುವರಿ ಅಂಕ ಕೊಡುತ್ತದೆ. ಪ್ರಮಾಣಪತ್ರಗಳು ಶಾಲೆಯ ಮೂಲಕವೇ ಹೋಗಬೇಕು. ಹೋದವೋ ಇಲ್ಲವೋ ಎಂದು ಕಚೇರಿಗೆ ನೀವೇ ಹೋಗಿ ನೋಡಿ.

ನೆಲ ಸರಿಯಿದ್ದು, ಕಾರ್ಯಕ್ರಮಗಳಿಗೆ ಕಡಿವಾಣವಿದ್ದರೆ ಕಣ್ಣುಮುಚ್ಚಿ ಸೇರಿಸಿ. ಇಲ್ಲದಿದ್ದರೆ ಈಗಿನ ಶಾಲೆಯೇ ಇರಲಿ, ಸಂಜೆ ಈಗಿನ ಗುರುಗಳ ಬಳಿಯೇ ಕಲಿಯಲಿ.

ಪ್ರಶ್ನೆ: ನಾನು ಇಂತಹ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೇನೆ. ದಾಸರ ಪದಗಳಿಗೆ ಬಹುಮಾನ ಬರುತ್ತಿತ್ತು. ಈಗ ಧ್ವನಿ ಒಡೆದಿದೆ. ಗ್ಯಾದರಿಂಗ್‌ನ ವೃಂದಗಾನದಿಂದ ನನ್ನನ್ನು ಕೈಬಿಟ್ಟರು. ಹಾಡುವುದನ್ನು ಬಿಡಲೇ?
– ಒಬ್ಬ ವಿದ್ಯಾರ್ಥಿ, ಡೊಂಬಿವಲಿ

ಉತ್ತರ: ಖಂಡಿತ ಬಿಡಬೇಡ, ಮಗು. ನಿನ್ನ ಗಂಟಲಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತಿವೆ. ಹುಡುಗರ ಧ್ವನಿ ಸುಮಾರು ಒಂದು ಸಪ್ತಕ (ಒಂದು ‘ಸ’ದಿಂದ ಇನ್ನೊಂದು ‘ಸ’ದವರೆಗಿನಷ್ಟು) ಕೆಳಗಿಳಿದು ನಿಲ್ಲುತ್ತದೆ. ಹಳೆಯ ಪಟ್ಟಿಯಲ್ಲಿ, ಅಂದರೆ ಹಳೆಯ ಎತ್ತರದ ಶ್ರುತಿಯಲ್ಲಿ, ಹಟದಿಂದ ಹಾಡಿ ಗಂಟಲು ಕೆಡಿಸಿಕೊಳ್ಳಬೇಡ. ನಮ್ಮ ಶಾಲೆಯ ಸಂಗೀತದ ಗುರುಗಳು ಇಂತಹ ಹುಡುಗರಿಗೆ ಕೆಳಗಿನ ಪಟ್ಟಿ ಹಿಡಿಸಿ, ದಿನಕ್ಕೆ ಸ್ವಲ್ಪ ಹೊತ್ತು ಮೆಲ್ಲಗೆ ಸ್ವರ ಹಾಡಿಸಿ, ಉಳಿದ ಸಮಯದಲ್ಲಿ ತಂಬೂರಿ ಶ್ರುತಿ ಮಾಡುವುದನ್ನೂ ತಬಲಾದ ಠೇಕಾಗಳನ್ನೂ ಕಲಿಸುತ್ತಿದ್ದರು. ತಿಂಗಳುಗಳು ಕಳೆದರೂ ಗೊಗ್ಗರು ಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸು.

ವೃಂದದಿಂದ ಕೈಬಿಟ್ಟದ್ದು ನನಗೂ ಬೇಸರ ತಂದಿದೆ. ಈ ಪುಟವನ್ನು ನಿನ್ನ ಶಿಕ್ಷಕರಿಗೆ ತೋರಿಸು. ಗ್ಯಾದರಿಂಗ್ ದಿನ ತಂಬೂರಿಗೆ ನಿನ್ನನ್ನೇ ಕೂರಿಸಬೇಕೆಂದು ಅವರನ್ನು ನಾನು ಕೇಳಿಕೊಂಡಿದ್ದೇನೆಂದು ಹೇಳು.