ದೋಣಿಗೆ ಎರಡನೆಯ ಎಂಜಿನ್: ಎಲ್ಲಿ, ಎಷ್ಟು ಆಳಕ್ಕೆ?

ಪ್ರಶ್ನೆ: ನನ್ನದು 20 ಅಡಿಯ ಫೈಬರ್ ದೋಣಿ, 25 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅಳಿವೆ ಬಾಗಿಲಿನಲ್ಲಿ ಎಂಜಿನ್ ನಿಂತುಹೋಗಿ, ಇಳಿತದ ಸೆಳೆತಕ್ಕೆ ದೋಣಿ ಕಡಲಿನತ್ತ ಜಾರತೊಡಗಿತು. ಬೇರೆ ದೋಣಿಯವರು ಹಗ್ಗ ಎಸೆದು ಎಳೆದು ತಂದರು. ಭಾವನವರ ಬಳಿ 6 ಅಶ್ವಶಕ್ತಿಯ, ಗಿಡ್ಡ ಶಾಫ್ಟಿನ ಟು ಸ್ಟ್ರೋಕ್ ಎಂಜಿನ್ ಸುಮ್ಮನೆ ಬಿದ್ದಿದೆ. ಅದನ್ನು ದೊಡ್ಡ ಎಂಜಿನಿನ ಪಕ್ಕ ಕ್ಲ್ಯಾಂಪ್ ಬಿಗಿದು ಕೂರಿಸಿದರೆ ಸಾಕೇ? ಒಂದೇ ಟ್ಯಾಂಕಿನಿಂದ ಎರಡನ್ನೂ ಓಡಿಸಬಹುದೇ?
— ಓದುಗರೊಬ್ಬರು, ಕೋಡಿ ಬೆಂಗ್ರೆ

ಉತ್ತರ: ನಿಮ್ಮ ದೋಣಿಗೆ 6 ಅಶ್ವಶಕ್ತಿ ಕಡಿಮೆಯೇನಲ್ಲ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ 20 ಅಡಿಯ ದೋಣಿಯ ಸಹಜ ವೇಗವೇ ಸುಮಾರು 6 ನಾಟ್, ಎಂದರೆ ಗಂಟೆಗೆ 11 ಕಿಲೋಮೀಟರ್. ಅದರಾಚೆಗೆ ತುಸು ಹೆಚ್ಚಿನ ಶಕ್ತಿ ಹಾಕಿದರೆ ಅಲೆ ಎಬ್ಬಿಸುವುದಕ್ಕಷ್ಟೇ ಖರ್ಚಾಗುತ್ತದೆ. ನನ್ನ ಆತಂಕವಿರುವುದು ಶಾಫ್ಟಿನ, ಎಂದರೆ ಎಂಜಿನಿನಿಂದ ನೀರು ತಳ್ಳುವ ಫ್ಯಾನಿನ (ಪ್ರೊಪೆಲರ್) ವರೆಗೆ ಇಳಿಯುವ ಕಾಲಿನ, ಉದ್ದದ ಬಗ್ಗೆ.

ಗಿಡ್ಡ ಶಾಫ್ಟಿನ ಎಂಜಿನ್ 15 ಇಂಚು ಎತ್ತರದ ಹಿಂಬದಿ ಹಲಗೆಗೆ ಹೊಂದುತ್ತದೆ, ಉದ್ದ ಶಾಫ್ಟಿನದು 20 ಇಂಚಿಗೆ, ಅದಕ್ಕೂ ಉದ್ದದ್ದು 25 ಇಂಚಿಗೆ. ನಿಮ್ಮ ದೋಣಿಯ ಹಲಗೆಯನ್ನು ಅಳೆಯುವಾಗ ದೊಡ್ಡ ಎಂಜಿನ್ ಇರುವ ನಡುಭಾಗವನ್ನಲ್ಲ, ಸಣ್ಣದನ್ನು ಕೂರಿಸುವ ಜಾಗವನ್ನೇ ಅಳೆಯಿರಿ. ಏಕೆಂದರೆ ತಳ ಇಂಗ್ಲಿಷಿನ ‘ವಿ’ ಆಕಾರದಲ್ಲಿದ್ದರೆ ನಡುವಿಗಿಂತ ಪಕ್ಕದಲ್ಲಿ ಅದು ಮೇಲಕ್ಕಿರುತ್ತದೆ. ಫ್ಯಾನಿನ ಮೇಲ್ಗಡೆ ಅಡ್ಡಲಾಗಿರುವ ಚಪ್ಪಟೆ ತಟ್ಟೆ ಆ ಜಾಗದ ತಳಕ್ಕಿಂತ ಕನಿಷ್ಠ ಒಂದು ಇಂಚಾದರೂ ಕೆಳಗಿರಬೇಕು. ಸಹಾಯಕ ಎಂಜಿನಿಗೆ ಇನ್ನೂ ಎರಡು ಮೂರು ಇಂಚು ಆಳವಾದರೆ ಒಳ್ಳೆಯದೇ. ನಡುವಿನಲ್ಲಿರುವ ಎಂಜಿನ್ ದೋಣಿ ಹೊರಳಿದಾಗ ಅಷ್ಟಾಗಿ ಮೇಲೇಳುವುದಿಲ್ಲ, ಆದರೆ ಪಕ್ಕದಲ್ಲಿರುವುದು ಪ್ರತಿ ಹೊರಳಿಗೂ ಏಳುತ್ತದೆ, ಅಳಿವೆಯ ಅಲೆಗೆ ಹಿಂಭಾಗವೇ ಎದ್ದಾಗಲಂತೂ ಫ್ಯಾನ್ ಗಾಳಿಯಲ್ಲಿ ತಿರುಗಿ ಕಿರುಚುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ತಂಪಿನ ನೀರನ್ನು ಹೀರಿಕೊಳ್ಳುವ ಕಂಡಿಯೂ ಹೊರಬಂದು ಎಂಜಿನ್ ಕಾದುಹೋಗುವುದು. ಹೊಳೆಯಲ್ಲಿ ಚೆನ್ನಾಗಿ ಓಡಿದ ಗಿಡ್ಡ ಶಾಫ್ಟ್, ನಿಮಗೆ ನಿಜವಾಗಿ ಬೇಕಾದ ಜಾಗದಲ್ಲಿಯೇ ಕೈಕೊಡುತ್ತದೆ. ಭಾವನವರಿಗೆ ಬೇಸರವಾದರೂ ಸರಿ, ಹಲಗೆ 20 ಇಂಚಿದ್ದರೆ ಉದ್ದ ಶಾಫ್ಟಿನದನ್ನೇ ಹುಡುಕಿರೆಂಬುದು ನನ್ನ ಅಭಿಪ್ರಾಯ.

ಬರಿಯ ಕ್ಲ್ಯಾಂಪ್ ಸಾಲದು. ಮೇಲೆತ್ತಿ ಕೆಳಗಿಳಿಸಬಹುದಾದ ಸ್ಪ್ರಿಂಗ್ ಬ್ರಾಕೆಟ್ ಬೇಕು. ಅದು ನಿಮ್ಮ ಎಂಜಿನಿನ ತೂಕ ಮತ್ತು ಅಶ್ವಶಕ್ತಿ ಎರಡನ್ನೂ ತಾಳಬಲ್ಲದೆಂದು ತಯಾರಕರು ನಮೂದಿಸಿರಬೇಕು. ಬ್ರಾಕೆಟ್ ಹಲಗೆಯಿಂದ ಹಿಂದಕ್ಕೆ ಚಾಚಿಕೊಳ್ಳುವುದರಿಂದ ಎಂಜಿನಿನ ತೂಕವೂ ನೂಕುಬಲವೂ ಸನ್ನೆಕೋಲಿನಂತೆ ಹಲಗೆಯನ್ನು ಮೀಟುತ್ತವೆ. ಬಹುತೇಕ ಫೈಬರ್ ದೋಣಿಗಳ ಹಿಂಬದಿ ಹಲಗೆಯ ಒಳಗೆ ಪ್ಲೈವುಡ್ ಇರುತ್ತದೆ. ತೂತು ಕೊರೆಯುವ ಮುನ್ನ ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ, ಎಲ್ಲಾದರೂ ಗಟ್ಟಿ ಸದ್ದಿನ ಬದಲು ಮಂಕಾದ ಸದ್ದು ಬಂದರೆ ಒಳಗಿನ ಮರ ನೀರು ಕುಡಿದು ಕೊಳೆತಿರುವ ಸಂಭವವಿದೆ. ಅದನ್ನು ಸರಿಪಡಿಸದೆ ಮುಂದುವರಿಯಬೇಡಿ. ತೂತಿನ ಒಳಗೋಡೆಗೆ ಎಪಾಕ್ಸಿ ಬಳಿದು ಒಣಗಿದ ಮೇಲೆ, ಸೀಲೆಂಟ್ ಹಚ್ಚಿ, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳನ್ನು ಆರಪಾರವಾಗಿ ಹಾಕಿ, ಒಳಬದಿಯಲ್ಲಿ ಅಗಲವಾದ ಮೆರೈನ್ ಪ್ಲೈ ಅಥವಾ ಅಲ್ಯೂಮಿನಿಯಂ ತಗಡು ಕೊಟ್ಟು ಬಿಗಿಯಬೇಕು. ಎಂಜಿನನ್ನು ದೋಣಿಗೆ ಒಂದು ಸರಪಳಿಯಿಂದ ಬಂಧಿಸಿಡಿ. ಅದುರಿ ಅದುರಿ ಸಡಿಲಗೊಂಡ ಕ್ಲ್ಯಾಂಪು ಎಂಜಿನನ್ನು ಹೊಳೆಪಾಲು ಮಾಡಿದ್ದುಂಟು.

ದೋಣಿ ದಡದಲ್ಲಿರುವಾಗಲೇ ದೊಡ್ಡ ಎಂಜಿನನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಪೂರ್ತಿ ಎತ್ತಿ, ಸಣ್ಣದಕ್ಕೆ ಎಲ್ಲಿಯೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ದೊಡ್ಡದನ್ನು ವೇಗವಾಗಿ ಓಡಿಸುವಾಗ ಸಣ್ಣದು ಮೇಲೆತ್ತಿಯೇ ಇರಬೇಕು, ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಬ್ರಾಕೆಟ್ ಉಳಿಯುವುದಿಲ್ಲ. ಸಣ್ಣದು ಎಡಬದಿಯಲ್ಲಿದ್ದರೆ ಮೂತಿ ಬಲಕ್ಕೆ ಎಳೆಯುತ್ತದೆ. ಫ್ಯಾನಿಗೆ ಬಲೆ ಸುತ್ತಿಕೊಂಡಿಲ್ಲವಾದರೆ ದೊಡ್ಡ ಎಂಜಿನನ್ನು ನೀರಿನಲ್ಲೇ ನೆಟ್ಟಗೆ ಬಿಟ್ಟರೆ ಅದು ಚುಕ್ಕಾಣಿಯ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ.

ಒಂದೇ ಟ್ಯಾಂಕ್ ಖಂಡಿತ ಬೇಡ. ನಿಮ್ಮ ಫೋರ್ ಸ್ಟ್ರೋಕಿಗೆ ಬರಿಯ ಪೆಟ್ರೋಲ್, ಟು ಸ್ಟ್ರೋಕಿಗೆ ಆಯಿಲ್ ಬೆರೆಸಿದ್ದು, ಸಾಮಾನ್ಯವಾಗಿ 50 ಪಾಲಿಗೆ 1 ಪಾಲು. ಎರಡೂ ಒಂದೇ ಜಾತಿಯವಾಗಿದ್ದರೂ ಇದನ್ನೇ ಹೇಳುತ್ತಿದ್ದೆ: ಕಡಲಿನಲ್ಲಿ ಎಂಜಿನ್ ನಿಲ್ಲಲು ಇಂಧನದಲ್ಲಿ ಸೇರಿದ ನೀರು ಮತ್ತು ಕಸ ಆಗಾಗ ಕಾರಣವಾಗುವುದರಿಂದ, ಮೊದಲನೆಯದನ್ನು ನಿಲ್ಲಿಸಿದ ಟ್ಯಾಂಕೇ ಎರಡನೆಯದನ್ನೂ ನಿಲ್ಲಿಸುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುತ್ತದೆಯಾದ್ದರಿಂದ ತಿಂಗಳುಗಟ್ಟಲೆ ಅದನ್ನು ತುಂಬಿಡಬೇಡಿ.

ಜೂನ್ 1ರಿಂದ ಜುಲೈ 31ರ ವರೆಗೆ 10 ಅಶ್ವಶಕ್ತಿ ಮೀರಿದ ಎಂಜಿನಿನ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಹಲಗೆಯ ಕೆಲಸಕ್ಕೆ ಅದೇ ಅನುಕೂಲದ ಕಾಲ. ಬಳಿಕ ಮೊದಲ ಪರೀಕ್ಷೆಯನ್ನು ಅಳಿವೆಯಿಂದ ಒಳಗೆ, ಸುವರ್ಣಾ ಹೊಳೆಯಲ್ಲಿ, ಇಳಿತದ ಹೊತ್ತಿನಲ್ಲಿ ಸೆಳೆತಕ್ಕೆ ಎದುರಾಗಿ ಮಾಡಿ. ಜೊತೆಗೆ ಇನ್ನೊಂದು ದೋಣಿ ಇರಲಿ, ಮತ್ತು ಇಬ್ಬರು ಒಂದೇ ಪಕ್ಕಕ್ಕೆ ಸರಿದು ಕುಳಿತಾಗಲೂ ಫ್ಯಾನ್ ನೀರಿನೊಳಗೇ ಉಳಿಯುತ್ತದೆಯೇ ಎಂದು ಗಮನಿಸಿ.