ಮೂರರಿಂದ ಐದು ವರ್ಷದ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುವುದು ಹೇಗೆ?

ಬೀದರ್‌ನಲ್ಲಿ ನಮ್ಮ ಸಭೆಯ, ಅಂದರೆ ಚರ್ಚಿನ, ಭಾನುವಾರದ ಬೈಬಲ್ ತರಗತಿಗೆ ಬರುವ ಸಣ್ಣ ಮಕ್ಕಳನ್ನು ನಾನೇ ನೋಡಿಕೊಳ್ಳುವುದು, ಅದಕ್ಕೇ ಹೇಳುತ್ತೇನೆ: ಕತೆ ಐದು ನಿಮಿಷ ದಾಟಬಾರದು. ಈ ವಯಸ್ಸಿನವರು ಅದಕ್ಕಿಂತ ಜಾಸ್ತಿ ಕೂರೋದಿಲ್ಲ, ಕೂರಿಸಲೂ ಹೋಗಬೇಡಿ.

ಒಂದು ವಾರಕ್ಕೆ ಒಂದೇ ಕತೆ, ಅದೂ ಕೈಗೆ ಸಿಗುವ ವಸ್ತು ಇಟ್ಟುಕೊಂಡು. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಒಬ್ಬ ಹುಡುಗನ ಹತ್ತಿರ ಐದು ಜವೆಗೋದಿ (ಬಾರ್ಲಿ) ರೊಟ್ಟಿ, ಎರಡು ಮೀನು ಇರುತ್ತವಲ್ಲ, ಅವನ್ನೇ ಯೇಸು ಸಾವಿರಾರು ಜನಕ್ಕೆ ಹಂಚುತ್ತಾನಲ್ಲ, ಜವೆಗೋದಿ ಅಂದರೆ ನಮ್ಮ ಮಕ್ಕಳಿಗೆ ಏನು ಗೊತ್ತು? ನಾನು ಮನೆಯಿಂದ ಐದು ಜೋಳದ ರೊಟ್ಟಿ ಬುಟ್ಟಿಯಲ್ಲಿ ತಂದು ಒಬ್ಬೊಬ್ಬರ ಕೈಯಲ್ಲೂ ಎಣಿಸಿದೆ, ಆಮೇಲೆ ಮುರಿದು ಹಂಚಿದೆ. ಮುಂದಿನ ವಾರ ಅವರೇ ನನಗೆ ಕತೆ ಹೇಳಿದರು. ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಳೆದುಹೋದ ಕುರಿಯ ಕತೆಗೆ ಹತ್ತಿಯ ಕುರಿ ಮಾಡಿ ಬೆಂಚಿನ ಕೆಳಗೆ ಬಚ್ಚಿಡಿ, ಹುಡುಕಲಿ.

ಮಿಕ್ಕ ಹೊತ್ತು ಕೈ ಆಡಿಸುವ ಹಾಡು, ಬಣ್ಣ, ಆಟ. ಕೆಲವರ ಮನೆಯಲ್ಲಿ ತೆಲುಗು, ಕೆಲವರಲ್ಲಿ ಮರಾಠಿ, ಉರ್ದು ಕೂಡ, ಹಾಗಾಗಿ ಮಾತು ಕಡಿಮೆ, ಅಭಿನಯ ಜಾಸ್ತಿ ಇರಲಿ.

ತಿನ್ನಲು ಬಾಳೆಹಣ್ಣು ಸಾಕು. ಇಡೀ ಶೇಂಗಾ ಬೀಜ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಬ್ಬ ಅಕ್ಕನೋ ಅಣ್ಣನೋ ಜೊತೆಗಿರಲೇಬೇಕು: ಒಂದು ಮಗು ಉಚ್ಚೆಗೆ ಎದ್ದರೆ ನಾಲ್ಕು ಎದ್ದೇಳುತ್ತವೆ! ಅಳುವ ಮಗುವಿನ ಅಮ್ಮ ಒಂದೆರಡು ವಾರ ಹಿಂದಿನ ಸಾಲಿನಲ್ಲಿ ಕೂತರೆ ಕೂರಲಿ ಬಿಡಿ. ಮುಗಿದ ಮೇಲೆ ಮನೆಯವರು ಬರುವ ತನಕ ಯಾರನ್ನೂ ಹೊರಗೆ ಕಳಿಸಬೇಡಿ.