ಟೆಕ್ಸಸ್‌ನಲ್ಲಿ ಕನ್ಸೀಲ್ಡ್ ಕ್ಯಾರಿಗೆ (ಬಟ್ಟೆಯೊಳಗೆ ಕಾಣದ ಹಾಗೆ ಇಟ್ಕೊಂಡು ಓಡಾಡೋಕೆ) ಚಿಕ್ಕ ಪಿಸ್ತೂಲ್ ತಗೋಬೇಕು, ಅಂಗಡಿಯವ್ನು ತೋರಿಸಿದ ಅತಿ ಚಿಕ್ಕದೇ ತಗೊಳ್ಲಾ?

ನಿಮ್ಮ ಪ್ರಶ್ನೆ ನಂಗೆ ಅರ್ಥ ಆಗಿದ್ದು ಇಷ್ಟು. ಹ್ಯೂಸ್ಟನ್‌ನಲ್ಲಿ ಫಾರ್ಮಸಿ ಕೆಲಸ, ರಾತ್ರಿ ಮುಚ್ಚಿದ್ಮೇಲೆ ಪಾರ್ಕಿಂಗ್ ಲಾಟ್ ದಾಟಿ ಕಾರ್ ತನಕ ಒಬ್ರೇ ನಡೀಬೇಕು, ಈಗ ಗ್ರೀನ್ ಕಾರ್ಡ್ ಬಂದಿದೆ, ಕೈ ಚಿಕ್ಕದು, ಗನ್ ಶಾಪ್‌ನವ್ನು ರೂಗರ್ ಎಲ್‌ಸಿಪಿ ಅನ್ನೋ ಪುಟ್ಟ ಪಿಸ್ತೂಲ್ ಕೈಗಿಟ್ಟು "ಲೇಡೀಸ್‌ಗೆ ಇದೇ ಬೆಸ್ಟ್" ಅಂದಿದಾನೆ. ತಗೊಳ್ಲಾ ಬೇಡ್ವಾ ಅಂತ ಕೇಳಿದೀರ.

ಮೊದಲನೇ ಗನ್ ಆಗಿ ಬೇಡ. ಎಲ್‌ಸಿಪಿ ಕೆಟ್ಟ ಗನ್ ಅಂತ ಅಲ್ಲ, 2008ರಿಂದ ಬರ್ತಿದೆ, ಲಕ್ಷಾಂತರ ಜನ ಜೇಬಲ್ಲಿ ಇಟ್ಕೊಂಡು ಓಡಾಡ್ತಾರೆ. ಆದ್ರೆ ಅದು ಚೆನ್ನಾಗಿ ಹೊಡೆಯೋಕೆ ಬರೋರ ಎರಡನೇ ಗನ್ನು, ಕಲಿಯೋರ ಗನ್ ಅಲ್ಲ. ಅಂಗಡಿಯವ್ರಿಗೆ ಇದೊಂದು ಅಭ್ಯಾಸ ಆಗ್ಬಿಟ್ಟಿದೆ, ಹೆಂಗಸರು ಒಳಗೆ ಬಂದ್ರೆ ಕೌಂಟರಲ್ಲಿ ಇರೋದ್ರಲ್ಲೇ ಅತಿ ಚಿಕ್ಕದನ್ನೋ ಅಥವಾ ಪಿಂಕ್ ಹಿಡಿಕೆಯ ರಿವಾಲ್ವರನ್ನೋ ಎತ್ತಿ ಮುಂದಿಡೋದು, ಚಿಕ್ಕ ಕೈಗೆ ಚಿಕ್ಕ ಗನ್ ಅಂತ ಲೆಕ್ಕ. ಈ ಲೆಕ್ಕ ಪೂರ್ತಿ ಉಲ್ಟಾ.

ಯಾಕೆ ಅಂದ್ರೆ ಗುಂಡಿನ ಒದೆ ಗನ್ ತೂಕದ ಮೇಲೆ ಹೋಗತ್ತೆ. ಎಲ್‌ಸಿಪಿ ಖಾಲಿ ಇದ್ದಾಗ ಸುಮಾರು 270 ಗ್ರಾಂ, ನಳಿಗೆ 2.75 ಇಂಚು, ಹಿಡಿಕೆ ಮೇಲೆ ಎರಡು ಬೆರಳು ಕೂತ್ರೆ ಮೂರನೇದಕ್ಕೆ ಜಾಗ ಇಲ್ಲ, ಕಿರುಬೆರಳು ಗಾಳೀಲಿ. ಅದಕ್ಕೆ ಹಾಕೋ .380 ಸೈಜಿನ ಗುಂಡು ದುರ್ಬಲ ಕಾರ್ಟ್ರಿಜ್ಜೇ ಆದ್ರೂ ಅಷ್ಟು ಹಗುರದ ಗನ್ನಲ್ಲಿ ಹೊಡೆದ್ರೆ ಹೆಬ್ಬೆರಳು ತೋರುಬೆರಳ ಮಧ್ಯದ ಚರ್ಮಕ್ಕೆ ಚುರುಕ್ ಅಂತ ಬಡಿಯತ್ತೆ, ಎರಡು ಮ್ಯಾಗಜೀನ್ ಮುಗಿಯೋ ಹೊತ್ತಿಗೆ ಕೈ ತಾನೇ ಮುಂಚೆ ಹೆದರಿ ಟ್ರಿಗರ್ ಎಳೆಯೋ ಕ್ಷಣದಲ್ಲಿ ಮೂತಿ ಕೆಳಗೆ ತಳ್ಳಕ್ಕೆ ಶುರು ಮಾಡತ್ತೆ, ಗುಂಡೆಲ್ಲ ಟಾರ್ಗೆಟ್‌ನ ಕೆಳಗೆ ಎಡಕ್ಕೆ ಬೀಳತ್ತೆ. ಗುರಿ ನೋಡೋ ಸೈಟ್‌ಗಳೂ ಅಷ್ಟೇ, ಮುಂದಿನದಕ್ಕೂ ಹಿಂದಿನದಕ್ಕೂ ಅಂತರ ಕಮ್ಮಿ ಇದ್ದಷ್ಟೂ ಗುರಿ ತಪ್ಪೋದು ಜಾಸ್ತಿ. ಹಿಂಗೆ ನೋವು ಕೊಡೋ ಗನ್ನನ್ನ ಯಾರೂ ಪ್ರಾಕ್ಟೀಸ್ ಮಾಡೋ ಶೂಟಿಂಗ್ ರೇಂಜ್‌ಗೆ ತಗೊಂಡೋಗಲ್ಲ, ಡ್ರಾಯರಲ್ಲಿ ಬಿದ್ದಿರತ್ತೆ ಅಷ್ಟೆ. ಮೇಲಿಂದ .380 ಗುಂಡು 9ಎಂಎಂ ಅನ್ನೋ ಮಾಮೂಲಿ ಪಿಸ್ತೂಲ್ ಗುಂಡಿಗಿಂತ ದುಬಾರಿ, ಪ್ರಾಕ್ಟೀಸ್ ಬಿಡೋಕೆ ಅದೊಂದು ನೆಪ ಸಾಕು.

ಹಾಗಾದ್ರೆ ಏನು ತಗೊಳ್ಳೋದು? 9ಎಂಎಂ, ಮೂರೂ ಬೆರಳು ಕೂರೋ ಹಿಡಿಕೆ, 3ರಿಂದ 3.7 ಇಂಚಿನ ನಳಿಗೆ, ಖಾಲಿ ತೂಕ ಅರ್ಧ ಕೇಜಿ ಆಸುಪಾಸು. 2018ಕ್ಕೆ ಮುಂಚೆ ಈ ಸೈಜಲ್ಲಿ ಗ್ಲಾಕ್ 43 ತಗೊಂಡ್ರೆ ಮ್ಯಾಗಜೀನಲ್ಲಿ 6, ಸ್ಮಿತ್ ಅಂಡ್ ವೆಸನ್ ಶೀಲ್ಡ್ ತಗೊಂಡ್ರೆ 7 ಅಥ್ವಾ 8 ಗುಂಡು ಅಷ್ಟೇ ಹಿಡೀತಿತ್ತು. ಆ ವರ್ಷ ಸಿಗ್ ಸಾವರ್ ಕಂಪನಿಯವ್ರು ಪಿ365 ತಂದು ಹೆಚ್ಚುಕಮ್ಮಿ ಅದೇ ಗಾತ್ರದಲ್ಲಿ 10 ತುಂಬಿದ್ರು, ಆಮೇಲೆ ಎಲ್ಲಾ ಕಂಪನಿಯವ್ರೂ ಅದೇ ದಾರಿ ಹಿಡಿದ್ರು. 2019ರಲ್ಲಿ ಗ್ಲಾಕ್ 43ಎಕ್ಸ್ ಬಂತು, ಅದೇ ವರ್ಷ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್, 2021ರಲ್ಲಿ ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್. ಈ ನಾಲ್ಕರಲ್ಲಿ ಯಾವುದು ತಗೊಂಡ್ರೂ ಮೋಸ ಇಲ್ಲ, ಇಂಟರ್ನೆಟ್ಟಲ್ಲಿ ಇದರ ಬಗ್ಗೆ ನಡೆಯೋ ಜಗಳ ಕಾರ್ ಬಣ್ಣದ ಬಗ್ಗೆ ಜಗಳ ಆಡಿದಂಗೆ. ನನ್ನ ಕೇಳಿದ್ರೆ ನಿಮಗೆ ಪಿ365 ಎಕ್ಸ್‌ಎಲ್ ಅಥವಾ ಶೀಲ್ಡ್ ಪ್ಲಸ್. ಎಕ್ಸ್‌ಎಲ್‌ನಲ್ಲಿ ಹಿಡಿಕೆ ಸ್ವಲ್ಪ ಉದ್ದ, 12 ಗುಂಡು, ನಳಿಗೆ 3.7 ಇಂಚು, ಹಾಗಿದ್ರೂ ತೆಳ್ಳಗೆ. ಶೀಲ್ಡ್ ಪ್ಲಸ್ ಟ್ರಿಗರ್ ನಂಗೆ ಇನ್ನೂ ಇಷ್ಟ, ಆದ್ರೆ ಅದು ನನ್ನ ಬೆರಳಿನ ವಿಷ್ಯ. (ಸಿಗ್ ಅಂದ ತಕ್ಷಣ ಯಾರಾದ್ರೂ "ಅದು ತಾನಾಗೇ ಫೈರ್ ಆಗತ್ತಂತೆ" ಅಂತಾರೆ, ಆ ಕೋರ್ಟ್ ಕೇಸುಗಳು ಹೆಚ್ಚಾಗಿ ಪಿ320 ಅನ್ನೋ ದೊಡ್ಡ ಗನ್ನಿನ ಮೇಲೆ, ಕಂಪನಿ ಆ ಆರೋಪ ಒಪ್ಪಲ್ಲ, ಪಿ365 ಬೇರೆ ಡಿಸೈನು.)

ಕೌಂಟರಲ್ಲಿ ನಿಂತು ಹೀಗೆ ನೋಡಿ. ಗನ್ ಖಾಲಿ ಇದೆ ಅಂತ ಅಂಗಡಿಯವ್ನಿಗೆ ತೋರ್ಸೋಕೆ ಹೇಳಿ, ನೀವೂ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ. ಆಮೇಲೆ ಹಿಡಿಕೇನ ಆದಷ್ಟು ಮೇಲೆ ಹಿಡೀರಿ, ನಳಿಗೆ ಮುಂಗೈ ಮೂಳೆಗೆ ನೇರ ಇರ್ಬೇಕು, ಆ ಹಿಡಿತ ಬದ್ಲಾಯಿಸದೇ ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರ್ಬೇಕು. ಕೈ ತಿರುಚಿದ್ರೆ ಮಾತ್ರ ಎಟುಕತ್ತೆ ಅನ್ನೋದಾದ್ರೆ ಆ ಗನ್ ದಪ್ಪ ಆಯ್ತು, ವಾಪಸ್ ಕೊಟ್ಬಿಡಿ. ಮ್ಯಾಗಜೀನ್ ಬಿಡಿಸೋ ಬಟನ್ ಹೆಬ್ಬೆರಳಿಗೆ ಸಿಗತ್ತಾ ನೋಡಿ. ಸ್ಲೈಡ್ (ಗನ್ ಮೇಲೆ ಹಿಂದೆ ಮುಂದೆ ಜಾರೋ ಭಾಗ) ಎಳೆಯೋಕಾಗಲ್ಲ ಅಂತ ಬಹಳ ಜನ ಕೈ ಚೆಲ್ತಾರೆ, ಎಳೆಯೋದೇ ತಪ್ಪು ರೀತಿ, ಸ್ಲೈಡನ್ನ ಎಡಗೈಯಿಂದ ಪೂರ್ತಿ ಮುಷ್ಟಿಯಲ್ಲಿ ಮೇಲಿಂದ ಹಿಡಿದು ಎದೆ ಹತ್ರ ಇಟ್ಕೊಂಡು ಬಲಗೈಯಿಂದ ಗನ್ನನ್ನೇ ಮುಂದಕ್ಕೆ ಜೋರಾಗಿ ತಳ್ಳಿ, ಮೂತಿ ಮಾತ್ರ ಯಾರ ಕಡೆಗೂ ತಿರುಗ್ಬಾರ್ದು. ನನ್ನ ಹೆಂಡ್ತಿ ಸಣ್ಣ ದೇಹದವಳು, ಎಳೆಯೋದು ಬಿಟ್ಟು ತಳ್ಳೋಕೆ ಶುರು ಮಾಡಿದ್ಮೇಲೆ ನನಗಿಂತ ಬೇಗ ಮಾಡ್ತಾಳೆ.

ಹಾಗೆ ಮಾಡಿದ್ರೂ ಆಗಲ್ಲ, ಮಣಿಕಟ್ಟು ನೋವಿದೆ ಅಂದ್ರೆ ಮಾತ್ರ ಸ್ಮಿತ್‌ನವ್ರ ಶೀಲ್ಡ್ ಇಜಡ್ .380 ನೋಡಿ, 2018ರಲ್ಲಿ ಇದಕ್ಕಂತಾನೇ ಬಂದ ಗನ್ನು, ಸ್ಪ್ರಿಂಗ್ ಮೃದು, ಎಲ್‌ಸಿಪಿಯ ಎರಡರಷ್ಟು ತೂಕ ಇರೋದ್ರಿಂದ ಒದೆಯೂ ಕಮ್ಮಿ. ರಿವಾಲ್ವರ್ ಸುಲಭ ಅಂತಾರಲ್ಲ, ಅದಕ್ಕೆ ಮರುಳಾಗ್ಬೇಡಿ. ಸ್ಮಿತ್ 642ರಂಥದ್ದು 5 ಗುಂಡಿಂದು, ಟ್ರಿಗರ್ ಹೆಚ್ಚುಕಮ್ಮಿ 12 ಪೌಂಡ್ ಎಳೀಬೇಕು, ಗ್ಲಾಕ್‌ದು ಐದೂವರೆ ಆಸುಪಾಸು. ಅರ್ಥ ಮಾಡ್ಕೊಳ್ಳೋಕೆ ಸುಲಭ, ಹೊಡೆಯೋಕೆ ಕಷ್ಟ.

ಕೊಳ್ಳೋಕೆ ಮುಂಚೆ ಗನ್ ಬಾಡಿಗೆಗೆ ಕೊಡೋ ರೇಂಜ್‌ಗೆ ಹೋಗಿ ಎರಡು ಮೂರು ಮಾಡೆಲ್ ಹೊಡೆದು ನೋಡಿ, ಕಾಸು ಹೋದ್ರೆ ಹೋಗ್ಲಿ. ನಾನು ಮಲೆನಾಡಿನವ್ನು, ತೋಟದ ಮನೇಲಿ ಒಂಟಿ ನಳಿಗೆ ಕೋವಿ ನೋಡ್ಕೊಂಡೇ ಬೆಳೆದೋನು, ಆದ್ರೂ ಪಿಸ್ತೂಲಿಗೆ ಬಂದಾಗ ಆ ಅನುಭವ ನಯಾಪೈಸೆ ಉಪಯೋಗಕ್ಕೆ ಬರ್ಲಿಲ್ಲ.

ಈಗ ಯಾರೂ ಕೇಳದೇ ಇರೋ ವಿಷ್ಯ, ಹೋಲ್‌ಸ್ಟರ್, ಅಂದ್ರೆ ಗನ್ ಇಡೋ ಒರೆ. ಗನ್‌ಗೆ 500-600 ಡಾಲರ್ ಸುರಿದು 15 ಡಾಲರ್‌ದು ಮೆತ್ತನೆ ಬಟ್ಟೆ ಹೋಲ್‌ಸ್ಟರ್ ತಗೊಳ್ಳೋರನ್ನ ನೋಡಿದ್ರೆ ಮೈ ಉರಿಯತ್ತೆ. ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ದು, ನಿಮ್ಮ ಮಾಡೆಲ್‌ಗೇ ಅಚ್ಚು ಹಾಕಿದ್ದು, ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಿರ್ಬೇಕು. ಈ ಗನ್ನುಗಳು ಬಹಳಷ್ಟು ಸೇಫ್ಟಿ ಲಿವರ್ ಇಲ್ದೇ ಬರತ್ತೆ, ಟ್ರಿಗರ್ ಒತ್ತಿದ್ರೆ ಹಾರತ್ತೆ, ಒತ್ತಿದ್ದು ಬೆರಳಾ ಚೂಡಿದಾರದ ಲಾಡಿಯಾ ಅಂತ ಅದಕ್ಕೆ ಗೊತ್ತಾಗಲ್ಲ. ಅಪಘಾತ ಆಗೋದು ಜಾಸ್ತಿ ಗನ್ ವಾಪಸ್ ಒಳಗೆ ಹಾಕೋವಾಗ್ಲೇ. ಬಟ್ಟೆ ಎಡಗೈಲಿ ಎತ್ತಿ ಹಿಡಿದು, ಕಣ್ಣಲ್ಲಿ ನೋಡ್ಕೊಂಡು, ನಿಧಾನಕ್ಕೆ ಹಾಕಿ, ವಾಪಸ್ ಹಾಕೋಕೆ ಅರ್ಜೆಂಟ್ ಯಾವತ್ತೂ ಇರಲ್ಲ.

ನೀವು ಕೆಲಸಕ್ಕೆ ಸ್ಕ್ರಬ್ಸ್ ಹಾಕೋದಾದ್ರೆ ಅದರ ಲಾಡಿಗೆ ಅರ್ಧ ಕೇಜಿ ತೂಕ ನಿಲ್ಲಲ್ಲ, ಜಗ್ಗತ್ತೆ. ಅದಕ್ಕೆ ಪ್ಯಾಂಟಿನ ಬೆಲ್ಟ್ ಮೇಲೆ ನಿಲ್ಲದೇ ಸೊಂಟಕ್ಕೇ ಕಟ್ಕೊಳ್ಳೋ ರಿಗ್ ಬರತ್ತೆ, ಗಟ್ಟಿ ಹೋಲ್‌ಸ್ಟರ್ ಅದಕ್ಕೇ ಸ್ಕ್ರೂ ಹಾಕಿರ್ತಾರೆ, ಚೂಡಿದಾರ್ ಒಳಗೂ ಆಗತ್ತೆ. ಟಾಪ್ ಒಂದು ಸೈಜ್ ದೊಡ್ಡದು, ಡಿಸೈನ್ ಇರೋದಾದ್ರೆ ಇನ್ನೂ ಒಳ್ಳೇದು, ಪ್ಲೇನ್ ಬಟ್ಟೆ ಮೇಲೆ ಉಬ್ಬು ಬೇಗ ಕಾಣತ್ತೆ. ಉಬ್ಬೋದು ಹೆಚ್ಚಾಗಿ ಹಿಡಿಕೆ, ನಳಿಗೆ ಅಲ್ಲ, ಅದಕ್ಕೇ ನಳಿಗೆ ಉದ್ದ ಅರ್ಧ ಇಂಚು ಜಾಸ್ತಿ ಅಂತ ತಲೆ ಕೆಡಿಸ್ಕೋಬೇಡಿ. ಹ್ಯಾಂಡ್‌ಬ್ಯಾಗಲ್ಲಿ ಇಡ್ತೀನಿ ಅನ್ನೋ ಯೋಚ್ನೆ ಬಿಟ್ಬಿಡಿ, ಕಳ್ಳ ಮೊದಲು ಕೈ ಹಾಕೋದೇ ಬ್ಯಾಗ್‌ಗೆ, ಮನೇಲಿ ಮಗು ಚಾಕ್ಲೇಟಿಗೆ ಕೈ ಹಾಕೋದೂ ಅದಕ್ಕೇ.

ಗುಂಡಿನ ವಿಷ್ಯ ಬೇಗ ಮುಗಿಸ್ತೀನಿ. ಪ್ರಾಕ್ಟೀಸ್‌ಗೆ ಅಗ್ಗದ ಎಫ್‌ಎಂಜೆ (ಲೋಹದ ಹೊದಿಕೆಯ ಮಾಮೂಲಿ ಗುಂಡು), ಕ್ಯಾರಿಗೆ ಹಾಲೋ ಪಾಯಿಂಟ್ (ತುದಿ ಟೊಳ್ಳಾಗಿರೋದು), ಫೆಡರಲ್ ಎಚ್‌ಎಸ್‌ಟಿ ಅಥವಾ ಸ್ಪೀರ್ ಗೋಲ್ಡ್ ಡಾಟ್. ಕ್ಯಾರಿ ಗುಂಡನ್ನೂ ಒಂದೆರಡು ಡಬ್ಬಿ ನಿಮ್ಮ ಗನ್ನಲ್ಲೇ ಹೊಡೆದು ನೋಡಿ, ಸಿಕ್ಕಾಕೊಳ್ಳತ್ತಾ ಅಂತ.

ಈಗ ಕಾನೂನು, ನಮ್ಮವ್ರು ಇಲ್ಲೇ ಎಡವೋದು. ನಿಮ್ಮ ಹತ್ರ ಗ್ರೀನ್ ಕಾರ್ಡ್ ಇದೆ, ಕೊಳ್ಳಬಹುದು, ಅಂಗಡೀಲಿ ಕೊಳ್ಳೋವಾಗ ತುಂಬೋ 4473 ಫಾರ್ಮಲ್ಲಿ ಗ್ರೀನ್ ಕಾರ್ಡಲ್ಲಿರೋ ನಿಮ್ಮ ಎ-ನಂಬರ್ ಬರೀಬೇಕು ಅಷ್ಟೆ. ಆದ್ರೆ ಎಚ್‌1ಬಿ, ಎಚ್4, ಎಫ್1 ವೀಸಾ ಇರೋರು ಫೆಡರಲ್ ಕಾನೂನಿನ ಪ್ರಕಾರ ಗನ್ ಇಟ್ಕೊಳ್ಳೋ ಹಾಗೇ ಇಲ್ಲ, ರಾಜ್ಯದ ಹಂಟಿಂಗ್ ಲೈಸೆನ್ಸ್ ಇರೋಂಥ ಕೆಲವು ವಿನಾಯ್ತಿ ಬಿಟ್ರೆ. ಆದ್ರಿಂದ ನಿಮ್ಮ ಯಜಮಾನ್ರದ್ದು ಅಥವಾ ಮನೇಲಿ ಇನ್ಯಾರದ್ದಾದ್ರೂ ವೀಸಾ ಇನ್ನೂ ಅದೇ ಸ್ಥಿತೀಲಿ ಇದ್ರೆ ಸೇಫ್‌ನ ಕೋಡ್ ಅವ್ರಿಗೆ ಗೊತ್ತಿರ್ಬಾರ್ದು. ಗ್ರೀನ್ ಕಾರ್ಡ್ ಇರೋರಿಗೂ ಒಂದು ಮಾತು, ಸಿಟಿಜನ್‌ಗೆ ಫೈನಲ್ಲೋ ಪ್ರೊಬೇಷನಲ್ಲೋ ಮುಗಿಯೋ ಗನ್ ಕೇಸ್ ನಮಗೆ ಕನ್ವಿಕ್ಷನ್ ಆದ್ರೆ ಡಿಪೋರ್ಟೇಷನ್ ತನಕ ಹೋಗತ್ತೆ. ಡೌಟ್ ಇದ್ರೆ ಇಮಿಗ್ರೇಷನ್ ಲಾಯರ್ ಹತ್ರ ಒಂದ್ಸಲ ಕೂತು ಮಾತಾಡಿ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಬೇರೆ ಅಡ್ಡಿ ಇಲ್ಲದೇ ಇರೋರಿಗೆ ಪಿಸ್ತೂಲ್ ಇಟ್ಕೊಂಡು ಓಡಾಡೋಕೆ ಪರ್ಮಿಟ್ ಬೇಡ. ಆದ್ರೂ ರಾಜ್ಯ ಕೊಡೋ ಎಲ್‌ಟಿಸಿ (ಲೈಸೆನ್ಸ್ ಟು ಕ್ಯಾರಿ) ಮಾಡಿಸ್ಕೊಳ್ಳಿ, ಫೀಸು 40 ಡಾಲರ್. ನಾಲ್ಕರಿಂದ ಆರು ಗಂಟೆ ಕ್ಲಾಸು, ಆಮೇಲೆ 3, 7, 15 ಗಜ ದೂರದಿಂದ 50 ಗುಂಡಿನ ಪರೀಕ್ಷೆ, 250ಕ್ಕೆ 175 ಬಂದ್ರೆ ಪಾಸು. ಫೆಡರಲ್ ಕಾನೂನಲ್ಲಿ ಸ್ಕೂಲ್ ಸುತ್ತ 1000 ಅಡಿ ಒಳಗೆ ಗನ್ ಇಟ್ಕೊಂಡು ಹೋಗೋಕೆ ರಾಜ್ಯದ ಲೈಸೆನ್ಸ್ ಇರೋರಿಗೆ ವಿನಾಯ್ತಿ ಇದೆ, ಇಲ್ದೋರಿಗೆ ಇಲ್ಲ, ಊರಲ್ಲಿ ಸ್ಕೂಲ್ ಇಲ್ದಿರೋ ರಸ್ತೆ ಎಲ್ಲಿದೆ ಹೇಳಿ. ಈ ಎಲ್‌ಟಿಸಿ ಒಕ್ಲಹೋಮಾ, ಲೂಸಿಯಾನಾ ಕಡೆ ಹೋದ್ರೂ ನಡೆಯತ್ತೆ, ಕ್ಯಾಲಿಫೋರ್ನಿಯಾದಲ್ಲಿ ನಡೆಯಲ್ಲ. ಬಾಗಿಲ ಮೇಲೆ 30.06 ಅಂತ ಬೋರ್ಡ್ ಇದ್ರೆ ಲೈಸೆನ್ಸ್ ಇದ್ರೂ ಒಳಗೆ ತಗೊಂಡೋಗೋ ಹಾಗಿಲ್ಲ, 51% ಅಂತ ಕೆಂಪು ಅಕ್ಷರ ಇರೋ ಬಾರ್‌ಗೂ ಇಲ್ಲ. ದೇವಸ್ಥಾನದ ಬಾಗಿಲಲ್ಲೂ ಬೋರ್ಡ್ ಇದೆಯಾ ನೋಡಿ, ಬೋರ್ಡ್ ಇಲ್ದಿದ್ರೂ ನಾನಂತೂ ಗನ್ ಕಟ್ಕೊಂಡು ಪ್ರಸಾದದ ಲೈನಲ್ಲಿ ನಿಲ್ಲಲ್ಲ. ಪೊಲೀಸ್ ಕಾರ್ ನಿಲ್ಲಿಸಿದ್ರೆ ಕೈ ಸ್ಟಿಯರಿಂಗ್ ಮೇಲೆ, ಐಡಿ ಕೇಳಿದಾಗ ಡ್ರೈವರ್ ಲೈಸೆನ್ಸ್ ಜೊತೆ ಎಲ್‌ಟಿಸಿನೂ ಕೊಡಿ.

ಮನೇಲಿ ಮಕ್ಕಳಿದ್ರೆ ಗನ್ ನಿಮ್ಮ ಮೈಮೇಲಿರ್ಬೇಕು ಇಲ್ಲಾ ಬೀಗದೊಳಗಿರ್ಬೇಕು. ತುಂಬಿದ ಗನ್ 17ರ ಒಳಗಿನ ಮಗುವಿನ ಕೈಗೆ ಸಿಕ್ಕಿದ್ರೆ ಟೆಕ್ಸಸ್‌ನಲ್ಲಿ ಇಟ್ಟೋರ ಮೇಲೆ ಕ್ರಿಮಿನಲ್ ಕೇಸು. ಇನ್ನೊಂದು, ರೇಂಜ್‌ಗೆ ತಗೊಂಡೋಗೋ ಬ್ಯಾಗನ್ನ ಊರಿಗೆ ಹೋಗೋವಾಗ ಬಳಸ್ಲೇಬೇಡಿ. ತಳದಲ್ಲಿ ಒಂದೇ ಒಂದು ಗುಂಡು ಉಳ್ಕೊಂಡಿದ್ದು ಇಂಡಿಯಾದ ಏರ್‌ಪೋರ್ಟ್ ಸ್ಕ್ಯಾನರಲ್ಲಿ ಕಂಡ್ರೆ ಆರ್ಮ್ಸ್ ಆಕ್ಟ್ ಕೇಸು, ಅಮೆರಿಕದ ಲೈಸೆನ್ಸ್ ತೋರಿಸಿದ್ರೆ ಅಲ್ಲಿ ಯಾರೂ ಮೂಸಲ್ಲ. 9ಎಂಎಂ ಅಲ್ಲಿ ಪ್ರೊಹಿಬಿಟೆಡ್ ಬೋರ್ ಬೇರೆ, ಅಂದ್ರೆ ಸಾಮಾನ್ಯ ಜನಕ್ಕೆ ನಿಷೇಧ ಇರೋ ಸೈಜು.

ಕೊನೇದಾಗಿ ನೀವು ಹೇಳದೇ ಬಿಟ್ಟಿರೋದು ಒಂದಿದೆ, ಫಾರ್ಮಸಿ ನಿಮ್ದೇನಾ ಅಥವಾ ಚೈನ್ ಸ್ಟೋರಾ? ಟೆಕ್ಸಸ್‌ನಲ್ಲಿ 2011ರ ಕಾನೂನು ಇದೆ, ಲಾಕ್ ಆಗಿರೋ ನಿಮ್ಮ ಸ್ವಂತ ಕಾರಲ್ಲಿ ಗನ್ ಇಡೋದನ್ನ ಕಂಪನಿ ಸಾಮಾನ್ಯವಾಗಿ ತಡೆಯೋ ಹಾಗಿಲ್ಲ. ಆದ್ರೆ ಕಟ್ಟಡದ ಒಳಗೆ ಬೇಡ ಅನ್ನೋ ಹಕ್ಕು ಅವ್ರಿಗಿದೆ, ದೊಡ್ಡ ಕಂಪನಿಗಳು ಬೇಡ ಅಂತಾನೇ ಅನ್ನೋದು. ಅಂದ್ರೆ ನೀವು ಹೆದರ್ತಿರೋ ಆ ಪಾರ್ಕಿಂಗ್ ಲಾಟ್ ನಡಿಗೇಲಿ ಗನ್ ಕಾರಲ್ಲಿ ಕೂತಿರತ್ತೆ, ನೀವು ಬರಿಗೈಲಿ ಅದರ ಕಡೆ ನಡೀತಿರ್ತೀರ. ಹಾಗಿದ್ರೆ ಪಿಸ್ತೂಲ್ ಮಾತಿಗೆ ಮುಂಚೆ ಕಾರ್ ಬಾಗಿಲ ಹತ್ರ ಲೈಟ್ ಕೆಳಗೆ ನಿಲ್ಲಿಸೋದು, ಮುಚ್ಚೋವಾಗ ಇಬ್ರು ಜೊತೆಗೆ ಹೊರಡೋ ಹಾಗೆ ಮ್ಯಾನೇಜರ್ ಹತ್ರ ಮಾತಾಡೋದು, ಜೋರು ಬೆಳಕಿನ ಟಾರ್ಚ್, ಪೆಪ್ಪರ್ ಸ್ಪ್ರೇ, ಇದೆಲ್ಲ ಮೊದಲು ಬರತ್ತೆ, ಸ್ಪ್ರೇಗೂ ಕಂಪನಿ ರೂಲ್ ಏನಿದೆ ಕೇಳ್ಕೊಳ್ಳಿ. ಆಸ್ಪತ್ರೆ ಒಳಗಿನ ಫಾರ್ಮಸಿ ಆದ್ರೆ ರೂಲ್ಸೇ ಬೇರೆ. ಯಾವುದು ಅಂತ ಕಾಮೆಂಟಲ್ಲಿ ಹಾಕಿ, ಹೋಲ್‌ಸ್ಟರ್ ಯಾವ ಥರದ್ದು ಅನ್ನೋದು ಆಮೇಲೆ ನೋಡೋಣ.